ಸಹಿ ಹಾಕಿದ ಖಾಲಿ ಹಾಳೆಗಳು

ಕುರ್ಲಾದ ನಮ್ಮ ಕಾರ್ಖಾನೆಯಲ್ಲಿ ಪಂಪಿನ ಬಾಡಿಗಳು ತಯಾರಾಗುತ್ತವೆ. ಅವುಗಳನ್ನು ಅಳೆಯಲು ಒಂದು ಯಂತ್ರ, ಯಂತ್ರಕ್ಕೊಂದು ಎಸಿ ಕೋಣೆ, ಆ ಕೋಣೆಯಲ್ಲಿ ನಾನು. ಕಪ್ಪು ಕಲ್ಲಿನ ಮೇಜಿನ ಮೇಲೆ ಬಾಡಿಯನ್ನಿಟ್ಟರೆ ಪ್ರೋಬ್ ಎಂಬ ಕಡ್ಡಿ ಇಳಿದು ಬಂದು ಅಲ್ಲಲ್ಲಿ ಮುಟ್ಟುತ್ತದೆ, ತೂತು ಎಷ್ಟು ಅಗಲವಿದೆ ಎಂದು ಕಂಪ್ಯೂಟರ್ ಹೇಳುತ್ತದೆ. ಹೇಳಬೇಕು. ಆದರೆ ಹೇಳುವ ಹೊತ್ತಿಗೆ ಸರಿಯಾಗಿ ಸಾಫ್ಟ್‌ವೇರ್ ಕ್ರ್ಯಾಶ್ ಆಗುತ್ತದೆ. ಪರದೆ ಬೆಳ್ಳಗಾಗುತ್ತದೆ, ಐದಾರು ಬಾಡಿ ಅಳೆದ ಮುಕ್ಕಾಲು ಗಂಟೆಯ ಕೆಲಸ ಹೊಳೆಯಲ್ಲಿ ಹುಣಸೆಹಣ್ಣು ತೊಳೆದ ಹಾಗೆ.

ದಿನಕ್ಕೆ ಮೂರು ಸಲ, ಕೆಲವು ದಿನ ಆರು ಸಲ. ಮಾರಿದವರಿಗೆ ಫೋನ್ ಮಾಡಿದರೆ ಒಬ್ಬ ಇಂಜಿನಿಯರ್ ಬರುತ್ತಿದ್ದ. ಒಮ್ಮೆ ವಿಂಡೋಸ್ ಸರಿಯಿಲ್ಲ ಎಂದ, ಇನ್ನೊಮ್ಮೆ ಕರೆಂಟ್ ಸರಿಯಿಲ್ಲ ಎಂದ, ಮೂರನೆಯ ಸಲ ನನ್ನ ಮುಖ ನೋಡಿ ಮೇಡಂ ಬಹಳ ಬೇಗ ಬೇಗ ಕ್ಲಿಕ್ ಮಾಡುತ್ತಾರೆ ಎಂದ. ಕುಣಿಯಲಾರದವಳು ನೆಲ ಡೊಂಕು ಎನ್ನುವುದನ್ನು ಕೇಳಿದ್ದೆ, ಇಲ್ಲಿ ನೆಲವೇ ಕುಣಿಯುವವಳನ್ನು ದೂರುತ್ತಿತ್ತು. ಅವನು ಚಹಾ ಕುಡಿದು ಹೋದ ಅರ್ಧ ಗಂಟೆಗೆ ಪರದೆ ಮತ್ತೆ ಬೆಳ್ಳಗಾಯಿತು.

ನನ್ನ ಮೇಲಿನವರು ಒಬ್ಬರು ಕಾಕಾ. ವಿಜಯಪುರದ ಕಡೆಯವರು, ಧಾರಾವಿಯಲ್ಲಿ ಮನೆ. ಯಂತ್ರ ಬರುವ ಮೊದಲು ಈ ಕಾರ್ಖಾನೆಯ ಪ್ರತಿಯೊಂದು ತೂತನ್ನೂ ಅವರು ಕೈಯಿಂದಲೇ ಅಳೆದವರು. ರಿಪೋರ್ಟಿಗೆ ಅವರ ಸಹಿ ಇಲ್ಲದೆ ಮಾಲು ಗೇಟು ದಾಟುತ್ತಿರಲಿಲ್ಲ. ಆದರೆ ಸಾಫ್ಟ್‌ವೇರ್ ಯಾವಾಗ ಬದುಕುತ್ತದೆ, ಯಾವಾಗ ಪ್ರಿಂಟ್ ಬರುತ್ತದೆ ಎಂದು ಯಾರಿಗೆ ಗೊತ್ತು? ಆ ಹೊತ್ತಿಗೆ ಕಾಕಾ ಹಿಂದಿನ ಶೆಡ್ಡಿನಲ್ಲಿರುತ್ತಿದ್ದರು, ಇಲ್ಲಿ ಟೆಂಪೋದವನು ಹಾರ್ನ್ ಬಾರಿಸುತ್ತಿದ್ದ. ಹಾಗಾಗಿ ಅವರೇ ಒಂದು ಉಪಾಯ ಮಾಡಿದರು. ಬೆಳಿಗ್ಗೆ ಬಂದ ಕೂಡಲೇ ಇಪ್ಪತ್ತು ಖಾಲಿ ಹಾಳೆಗಳ ಕೆಳಗೆ ಸಹಿ ಹಾಕಿ ಪ್ರಿಂಟರಿನಲ್ಲಿ ತುಂಬಿಸಿಡುವುದು. ಅಳತೆ ಆಮೇಲೆ ಬಂದು ಸಹಿಯ ಮೇಲೆ ಕೂರುತ್ತಿತ್ತು. ಕಾರ್ಖಾನೆಯ ಮಾಲೀಕ ಸೇಠ್‌ಗೂ ಗೊತ್ತಿತ್ತು. ಎರಡು ವರ್ಷ ಹೀಗೇ ನಡೆಯಿತು.

ಕಾಕಾ ಕೇಳುತ್ತಿದ್ದದ್ದು ಒಂದೇ, ಗುಂಡಿಗೆ ಮುಟ್ಟಿಸಿದೆಯಾ ಎಂದು. ಮೇಜಿನ ಮೂಲೆಯಲ್ಲಿ ಒಂದು ಉಕ್ಕಿನ ಗುಂಡು ಇದೆ, ಅದರ ಅಳತೆ ಎಂದೂ ಬದಲಾಗುವುದಿಲ್ಲ. ಕ್ರ್ಯಾಶ್ ಆದ ಮೇಲೆ ನಮ್ಮ ಸಾಫ್ಟ್‌ವೇರ್ ಪ್ರೋಬಿನ ತುದಿ ಎಷ್ಟು ದಪ್ಪ ಎನ್ನುವುದನ್ನು ಮರೆತು ಯಾವುದೋ ಹಳೆಯ ಲೆಕ್ಕ ಹಿಡಿದುಕೊಳ್ಳುತ್ತದೆ. ಪ್ರೋಬನ್ನು ಗುಂಡಿಗೆ ಮುಟ್ಟಿಸಿ ಮತ್ತೆ ಕಲಿಸಬೇಕು. ಇಪ್ಪತ್ತು ನಿಮಿಷ ಬೇಕು. ಕಲಿಸದಿದ್ದರೂ ಅದು ಅಳೆಯುತ್ತದೆ, ನಾಚಿಕೆಯಿಲ್ಲದೆ ತಪ್ಪು ಹೇಳುತ್ತದೆ.

ಆ ದಿನ ಮಧ್ಯಾಹ್ನದೊಳಗೆ ನಾಲ್ಕು ಸಲ ಕ್ರ್ಯಾಶ್ ಆಗಿತ್ತು. ನಾಲ್ಕು ಸಲವೂ ಗುಂಡಿಗೆ ಮುಟ್ಟಿಸಿದೆ. ಊಟಕ್ಕೆ ಹೋಗಲಿಲ್ಲ. ಅಮ್ಮ ಕಟ್ಟಿಕೊಟ್ಟ ನೀರುದೋಸೆ ಡಬ್ಬಿಯಲ್ಲೇ ಒಣಗಿತು. ಐದನೆಯ ಸಲ ಆದಾಗ ನನಗೆ ಅಳು ಬಂತು, ಅಳುವಿಗಿಂತ ಹೆಚ್ಚು ಸಿಟ್ಟು ಬಂತು. ಇಪ್ಪತ್ತು ಬಾಡಿ ಮುಗಿದಿವೆ, ಉಳಿದದ್ದು ನಾಲ್ಕು, ಟೆಂಪೋ ಹಾರ್ನು, ಸೇಠ್ ಫೋನು. ಹಾಳಾಗಿ ಹೋಗಲಿ ಎಂದು ಗುಂಡಿನ ಕಡೆ ನೋಡದೆ ಆ ನಾಲ್ಕನ್ನು ಅಳೆದುಬಿಟ್ಟೆ. ಎಲ್ಲವೂ ಸರಿ ಎಂದು ಪ್ರಿಂಟ್ ಬಂತು, ಕೆಳಗೆ ಕಾಕಾ ಅವರ ಸಹಿ.

ಕಾಕಾ ಬಾಗಿಲಲ್ಲಿ ತಲೆ ಹಾಕಿದರು. "ಗುಂಡಿಗೆ ಮುಟ್ಟಿಸಿದೇನ್ ತಂಗಿ?"

"ಹೌದು ಕಾಕಾ" ಎಂದೆ. ಅವರು ಮತ್ತೇನೂ ಕೇಳದೆ ಶೆಡ್ಡಿಗೆ ಹೋದರು.

ವಾರಕ್ಕೆ ಆ ನಾಲ್ಕು ಬಾಡಿಗಳು ತಿರುಗಿ ಬಂದವು. ತೂತು ಕಿರಿದು, ಬೇರಿಂಗ್ ಒಳಗೆ ಹೋಗುವುದಿಲ್ಲ. ಮಾಲು ಕೊಂಡ ಪುಣೆಯ ಪಾರ್ಟಿಯವರೇ ಬಂದು ಕೋಣೆ ನೋಡಿದರು, ಪ್ರಿಂಟರ್ ತೆರೆದರು. ಒಳಗೆ ಕಾಕಾ ಸಹಿ ಹಾಕಿಟ್ಟ ಹದಿನಾಲ್ಕು ಖಾಲಿ ಹಾಳೆಗಳು. ಮತ್ತೆ ಹೇಳುವುದೇನಿದೆ? ಸೇಠ್ ತನಗೆ ಇದು ಗೊತ್ತೇ ಇರಲಿಲ್ಲ ಎಂದ, ಕಾಕಾ ಅವರನ್ನು ಅಂದೇ ಕೆಲಸದಿಂದ ತೆಗೆದ. ಸಾಫ್ಟ್‌ವೇರಿನ ಮಾತನ್ನು ಯಾರೂ ಎತ್ತಲಿಲ್ಲ. ನಾನು ಅಲ್ಲೇ ಗೋಡೆಗೆ ಒರಗಿ ನಿಂತಿದ್ದೆ. ಗುಂಡಿಗೆ ಮುಟ್ಟಿಸಿರಲಿಲ್ಲ ಎಂದು ಹೇಳಿದ್ದರೆ ಸಾಕಿತ್ತು. ಹೋಗುವ ಕೆಲಸ ನನ್ನದಾಗುತ್ತಿತ್ತು, ಕಾಕಾ ಉಳಿಯುತ್ತಿದ್ದರು. ಬಾಯಿಗೆ ಬೀಗ ಬಿತ್ತು. ಸುಳ್ಳು ಯಾಕೆ, ನಾನೇ ಹಾಕಿಕೊಂಡೆ. ನನಗೆ ನೌಕರಿ ಬೇಕಿತ್ತು.

ಸಂಜೆ ಕಾಕಾ ತಮ್ಮ ಅಳತೆಯ ಪೆಟ್ಟಿಗೆ ಹಿಡಿದು ಹೊರಟರು. ದಿನವೂ ನಾವು ಕುರ್ಲಾ ಸ್ಟೇಷನ್ನಿನ ಬ್ರಿಡ್ಜ್ ತನಕ ಒಟ್ಟಿಗೆ ನಡೆದು, ಅವರು ಸಯನ್ ಕಡೆಯ ಗಾಡಿಗೆ, ನಾನು ಆಂಟಾಪ್ ಹಿಲ್ಲಿಗೆ ಹೋಗಲು ಹಾರ್ಬರ್ ಲೈನಿಗೆ ಇಳಿಯುತ್ತಿದ್ದೆವು. ಅಂದೂ ಹಾಗೇ ನಡೆದೆವು. ಬ್ರಿಡ್ಜ್ ಹತ್ತುವಷ್ಟರಲ್ಲಿ ಹೇಳಿಬಿಡಬೇಕು ಎಂದುಕೊಂಡೆ. ಕೊನೆಯ ಮೆಟ್ಟಿಲಲ್ಲಿ ಅವರೇ ನಿಂತು ನನ್ನ ಕಡೆ ತಿರುಗಿದರು.

"ನೀ ಯಾಕ ಸಣ್ಣ ಮಾರಿ ಮಾಡ್ತಿ? ಬರೇ ಹಾಳಿಗೆ ಸಹಿ ಹಾಕಿದ್ದು ನನ್ನ ತಪ್ಪು. ಸೇಠ್‌ಗ ಹೇಳೇ ಬಂದೀನಿ, ಹುಡುಗಿ ಗುಂಡಿಗೆ ಮುಟ್ಟಿಸ್ಯಾಳ, ಆಕಿ ಸುಳ್ಳು ಹೇಳಾಕಿ ಅಲ್ಲ ಅಂತ."

ನಾನು ಬಾಯಿ ತೆರೆದೆ. ಕೆಳಗೆ ಅವರ ಲೋಕಲ್ ಬಂತು. ಪೆಟ್ಟಿಗೆಯನ್ನು ಎದೆಗೆ ಒತ್ತಿಕೊಂಡು ಜನರ ನಡುವೆ ಇಳಿದು ಹೋದರು.

ಈಗ ರಿಪೋರ್ಟಿಗೆ ನನ್ನ ಸಹಿ. ಸಾಫ್ಟ್‌ವೇರ್ ಎರಡು ಸಲ ಹೊಸದಾಯಿತು, ಕ್ರ್ಯಾಶ್ ಆಗುವುದನ್ನು ಬಿಟ್ಟಿಲ್ಲ, ಬಿಡುತ್ತದೆ ಎಂಬ ಆಸೆಯೂ ನನಗೆ ಉಳಿದಿಲ್ಲ. ಪ್ರತಿ ಸಲ ಗುಂಡಿಗೆ ಮುಟ್ಟಿಸುತ್ತೇನೆ, ಇಪ್ಪತ್ತು ನಿಮಿಷ ಸುಮ್ಮನೆ ಕೂರುತ್ತೇನೆ. ಮುಟ್ಟಿಸಿದೆಯಾ ಎಂದು ಯಾರೂ ಕೇಳುವುದಿಲ್ಲ.