ಆಕಳ ಬಾಣಂತಿಕೋಣೆಗೆ ಗ್ರಾನೈಟ್ ನೆಲ

ನಮ್ಮೂರಲ್ಲಿ ಆಕಳು ನರಳಿದರೆ ಜನ ಮೊದಲು ದೇವರನ್ನು ನೆನೆಯುವುದಿಲ್ಲ, ಶಿವಲಿಂಗವ್ವನನ್ನು ನೆನೆಯುತ್ತಾರೆ. ಕರು ಬಿದ್ದ ಮರುದಿನ ಇಬ್ಬರನ್ನೂ ಮರೆಯುತ್ತಾರೆ. ಅರವತ್ತು ದಾಟಿದ ಹೆಂಗಸು. ಬಲಗೈ ಬಳೆ ತೆಗೆದು ಸೆರಗಿಗೆ ಗಂಟು ಹಾಕಿ, ಮೊಣಕೈತನಕ ಕುಸುಬಿ ಎಣ್ಣೆ ಬಳಿದುಕೊಂಡಳೆಂದರೆ ಕೆಲಸ ಶುರು. ಕೂಲಿ ಮುಟ್ಟುವುದಿಲ್ಲ. ಮೊದಲ ಗಿಣ್ಣದ ಒಂದು ಬಟ್ಟಲು ಸಾಕು. ಅದನ್ನೂ ಬೆಲ್ಲ ಕಡಿಮೆಯಾಯಿತೆಂದು ಬೈದೇ ತಿನ್ನುತ್ತಾಳೆ. ಸಾಲಿ ಮಾಸ್ತರನೆಂದು ನನಗೇನೂ ರಿಯಾಯಿತಿ ಇಲ್ಲ.

ಇಳಕಲ್ಲಿನಲ್ಲಿ ಗ್ರಾನೈಟ್ ಪಾಲಿಶ್ ಕಾರ್ಖಾನೆ ಇಟ್ಟಿರುವ ಪ್ರವೀಣಕುಮಾರ, ರಾಮಥಾಳದ ದಾರಿಯ ತನ್ನ ಹೊಲದಲ್ಲಿ ಹನ್ನೆರಡು ಆಕಳು ಕಟ್ಟಿದ್ದಾನೆ. ಅವುಗಳಲ್ಲೊಂದು ಗೌರಿ. ಅದನ್ನು ಈಯುವಾಗಲೇ ಅದರ ತಾಯಿ ಶಿವಲಿಂಗವ್ವನ ತೊಡೆಯ ಮೇಲೆ ತಲೆಯಿಟ್ಟು ಸತ್ತಿತ್ತು. ಬಾಟಲಿ ಹಾಲು ಕುಡಿಸಿ ಬೆಳೆಸಿದವಳು ಇವಳೇ. ಮೇಯಿಸಲು ಹೊಲವಿಲ್ಲದೆ ಪ್ರವೀಣಕುಮಾರನಿಗೆ ಕೊಟ್ಟಳು. ಚೊಚ್ಚಲ ಹೆರಿಗೆಗೆ ತನ್ನನ್ನೇ ಕರೆಯಬೇಕೆಂದು ಮಾತು ತೆಗೆದುಕೊಂಡಿದ್ದಳು.

ಆ ಹೆರಿಗೆಗೆಂದು ಪ್ರವೀಣಕುಮಾರ ಒಂದು ಕೋಣೆಯನ್ನೇ ಕಟ್ಟಿಸಿದ. ಅವನ ಮನೆಯಲ್ಲಿ ಅಡುಗೆಕಟ್ಟೆ, ಬಚ್ಚಲು, ಚಪ್ಪಲಿ ಬಿಡುವ ಜಾಗ ಎಲ್ಲಕ್ಕೂ ಗ್ರಾನೈಟ್. ಆಕಳೇನು ಪಾಪ ಮಾಡಿತ್ತು? ಮುಖ ನೋಡಿಕೊಂಡು ಕ್ರಾಪು ತೀಡಬಹುದು, ಅಂಥ ನೆಲ. ಉದ್ಘಾಟನೆಗೆ ಬಾಗಲಕೋಟೆಯಿಂದ ನಿವೃತ್ತ ಅಧಿಕಾರಿ ಪಂಢರೀನಾಥರಾಯರು ಬರುವವರಿದ್ದರು. ಗೇಟಿನಿಂದ ಬಾಗಿಲತನಕ ಕೆಂಪು ಜಮಖಾನ ಹಾಸಿತ್ತು. ಸ್ವಾಗತ ಭಾಷಣ ಬರೆದವನು ನಾನೇ. ಅದರಲ್ಲಿ ಗೋಮಾತೆ ಎಂಬ ಮಾತು ಏಳು ಸಲ ಬರುತ್ತಿತ್ತು.

ಅತಿಥಿಗಳು ಬರುವುದು ಹನ್ನೊಂದಕ್ಕೆ. ಗೌರಿಗೆ ಒಂಬತ್ತಕ್ಕೇ ಬೇನೆ ಬಂತು. ಹೊಸ ಕೋಣೆಯಲ್ಲೇ ಈಯಲಿ, ಶುಭ ಎಂದು ಪ್ರವೀಣಕುಮಾರ ಒಳಗೆ ನಡೆಸಿದ. ಆಕಳು ನಾಲ್ಕು ಹೆಜ್ಜೆ ಇಟ್ಟು ಜಾರಿ ಬಿತ್ತು. ಏಳಲು ಹೋದಾಗಲೆಲ್ಲ ಗೊರಸು ಜಾರುತ್ತಿತ್ತು. ದನದ ಡಾಕ್ಟರು ಬೇರೆ ಊರಿನಲ್ಲಿದ್ದರು, ಬರಲು ಎರಡು ತಾಸು ಬೇಕೆಂದರು.

ಶಿವಲಿಂಗವ್ವ ಬಂದು ಒಳಗೆ ಕೈಹಾಕಿ ನೋಡಿದಳು. "ಕರುವಿನ ಒಂದ ಕಾಲ ಹಿಂದ ಮಡಚೈತಿ. ಆಕಳ ಎದ್ದ ನಿಂತ್ರ ಒಳಗ ಜಾಗಾ ಆಗತೈತಿ, ಕಾಲ ಸರಿ ಮಾಡ್ತೇನಿ. ಇಲ್ಲಿ ಮಣ್ಣ ಹಾಕಸು."

"ಮಣ್ಣ ಬ್ಯಾಡಬೇ ಯವ್ವಾ, ಸಾಹೇಬ್ರು ಬರೂ ಹೊತ್ತಾತು," ಎಂದ ಪ್ರವೀಣಕುಮಾರ. "ಆಕಳಾ ಹೊರಗ ಕರಕೊಂಡ ಹೋಗು."

"ನಿಲ್ಲಾಕ ಬರವಲ್ದು, ಹೊರಗ ಹ್ಯಾಂಗ ಬರತೈತಿ? ನೀ ಹೊತ್ಗೊಂಡ ಹೋಗ್ತಿಯೇನ?"

ಅವನು ನೆಲ ನೋಡಿದ, ಗಡಿಯಾರ ನೋಡಿದ, ಆಕಳನ್ನು ಮಾತ್ರ ನೋಡಲಿಲ್ಲ. ಗೌರಿ ಕಣ್ಣು ಮೇಲೆ ಮಾಡುತ್ತಿತ್ತು. ಶಿವಲಿಂಗವ್ವ ನನ್ನ ಕಡೆ ತಿರುಗಿದಳು. ಊರಿಗೆಲ್ಲ ಬೈಯುವ ಬಾಯಿ ಅಂದು ನಡುಗುತ್ತಿತ್ತು. "ಇದರವ್ವ ಹಿಂಗ ನನ್ನ ತೊಡಿ ಮ್ಯಾಲ ಜೀವ ಬಿಟ್ಟಳು, ಮಾಸ್ತರ. ಇದನ್ನೂ ಕಳಕೊಂಡ್ರ ನಾ ತಡಕೊಳ್ಳೂದಿಲ್ಲ."

ನನ್ನ ಕೈಯಲ್ಲಿ ಏಳು ಗೋಮಾತೆಯರ ಕಾಗದ ಇತ್ತು. ನನಗೆ ನನ್ನ ಮೇಲೇ ಅಸಹ್ಯವಾಯಿತು.

ಅವಳು ಸರಸರನೆ ಹೊರಗೆ ಹೋಗಿ ಜಮಖಾನದ ಒಂದು ತುದಿ ಹಿಡಿದಳು. "ನಿಂತ ನೋಡಬ್ಯಾಡ, ಎಳಿ," ಎಂದಳು. ಭಾಷಣ ಕಿಸೆಗೆ ತುರುಕಿ ಎಳೆದೆ. ಒಳಗೆ ತಂದು, ಮಡಿಕೆ ಮಾಡಿ ಆಕಳ ಹೊಟ್ಟೆ, ಕಾಲುಗಳ ಕೆಳಗೆ ತೂರಿಸಿದೆವು. ಗೊರಸಿಗೆ ಹಿಡಿತ ಸಿಕ್ಕಿತು. ಗೌರಿ ಮುಗ್ಗರಿಸಿ, ಉಸಿರು ಬಿಟ್ಟು, ಎದ್ದು ನಿಂತಿತು. ಶಿವಲಿಂಗವ್ವ ಕರುವನ್ನು ಒಳಕ್ಕೆ ತಳ್ಳಿ, ಮಡಚಿದ ಕಾಲು ನೆಟ್ಟಗೆ ಮಾಡಿ, ಬೇನೆ ಬಂದಾಗ ಮಾತ್ರ ಎಳೆದಳು. ಬೇನೆ ನಿಂತಾಗ ಪ್ರವೀಣಕುಮಾರನಿಗೆ ಬೈದಳು. ಹತ್ತೂಮುಕ್ಕಾಲಿಗೆ ಹೆಣ್ಣುಗರು ಜಮಖಾನದ ಮೇಲೆ ಬಿತ್ತು. ಗೌರಿ ನೆಕ್ಕತೊಡಗಿತು. ಶಿವಲಿಂಗವ್ವ ಅದರ ಕೊರಳಿಗೆ ಮುಖ ಒತ್ತಿ ಅತ್ತಳು, ನಾನೂ ಅತ್ತೆ.

ಅಷ್ಟರಲ್ಲಿ ಕಾರು ಬಂತು. ಬಿಳಿ ಧೋತರದ ಪಂಢರೀನಾಥರಾಯರು ಹೊಳೆಯುವ ನೆಲದ ಅಂಚಿಗೆ ಬಂದು, ಕಾಲು ಮುಂದಿಡಲು ಹೆದರಿ ನಿಂತರು.

"ಭಾಳ ಜಾರತದಲ್ಲರಿ. ಏನೂ ಹಾಸಿಲ್ಲೇನು?" ಎಂದರು.

ಪ್ರವೀಣಕುಮಾರ ನನ್ನ ಮುಖ ನೋಡಿದ. ಶಿವಲಿಂಗವ್ವ ಸೆರಗಿನ ಗಂಟು ಬಿಚ್ಚಿ ಬಳೆ ಏರಿಸಿಕೊಳ್ಳುತ್ತಾ ಹೇಳಿದಳು:

"ಹಾಸಿದ್ವಿರಿ ಸಾಹೇಬ್ರ. ಅದರ ಮ್ಯಾಲ ಬರಬೇಕಾದಾಕಿ ಬಂದಾಳ."