ಮಾವನ ಹೋಟೆಲಿನ ತಪಾಸಣೆ

ಕಾರ್ಮಿಕ ಇಲಾಖೆಗೆ ಹೊಸದಾಗಿ ಸೇರಿದವರಿಗೆ ಮುಂಬಯಿಯ ಬಾಂದ್ರಾದಲ್ಲಿ ನಾನು ತರಬೇತಿ ಕೊಡುತ್ತೇನೆ. ಕೆಲಸದ ಆಸೆ ತೋರಿಸಿ ಕರೆತಂದು, ಬಿಟ್ಟುಹೋಗದಂತೆ ಕಟ್ಟಿಹಾಕಿದ ಕೆಲಸದವರನ್ನು ಗುರುತಿಸುವುದು ಹೇಗೆ ಎಂಬ ಪಾಠ. ಮೊದಲು ಕೆಲಸದವರನ್ನು ಮಾಲೀಕರ ಕಣ್ಣಿಂದ ದೂರ ಕರೆದೊಯ್ಯಿರಿ. ಆಮೇಲೆ ಕೇಳಿ: ನಿಮ್ಮ ಆಧಾರ್ ಕಾರ್ಡ್ ಯಾರ ಹತ್ತಿರ ಇದೆ? ಕೆಲಸ ಬಿಡಬೇಕೆಂದರೆ ಬಿಡಬಹುದೇ? ಇಷ್ಟನ್ನು ನಾನು ನಿದ್ದೆಗಣ್ಣಿನಲ್ಲೂ ಹೇಳಬಲ್ಲೆ.

ಒಮ್ಮೆ ತಪಾಸಣೆಯ ಅಭ್ಯಾಸಕ್ಕೆ ಹೋಟೆಲೊಂದು ಬೇಕಾಯಿತು. ಕಾಂದಿವಲಿಯ ಸೋದರಮಾವನ ಹೋಟೆಲನ್ನು ನಾನೇ ಮುಂದೆ ಬಿದ್ದು ಸೂಚಿಸಿದೆ. ಅಪ್ಪ ತೀರಿಕೊಂಡ ಮೇಲೆ ನಾನು ಬೆಳೆದದ್ದು ಅದರ ಮೇಲಿನ ಕೋಣೆಯಲ್ಲಿ. ಅಲ್ಲಿ ಕೆಟ್ಟದ್ದೇನೂ ಸಿಗದು ಎಂಬ ಭಂಡ ಧೈರ್ಯ.

ಪಾತ್ರೆ ತೊಳೆಯುವ ರಾಯಚೂರು ಕಡೆಯ ಹೆಂಗಸನ್ನು ಹಿಂಬಾಗಿಲಿಗೆ ಕರೆದೆವು. ನನ್ನ ಶಿಷ್ಯೆ, ಮರಾಠಿ ಮಾತನಾಡುವ ಎಳೆ ವಯಸ್ಸಿನ ಇನ್‌ಸ್ಪೆಕ್ಟರ್, ಹಿಂದಿಯಲ್ಲಿ ಕೇಳಿದಳು. ನಾನು ಅದನ್ನು ಆಕೆಗೆ ಕನ್ನಡದಲ್ಲಿ ಹೇಳಿದೆ.

"ಕಾರ್ಡ್ ಸೇಠ್ರ ಗಲ್ಲಾದಾಗ ಐತ್ರಿ. ಮಗಳ ಹೆರಿಗಿ ದಿನ ಹತ್ರ ಬಂದಾವು, ಊರಿಗೆ ಹೋಗಬೇಕು. ಮೂರ್ ಸಲ ಕೇಳೀನಿ. ಮುಂದಿನ ವಾರ ನೋಡೋಣ ಅಂತಾರ."

ಹಿಂದಿಯಲ್ಲಿ ಹೇಳುವಾಗ 'ಮೂರು ಸಲ' ಎಂಬುದನ್ನು ನುಂಗಿಬಿಡಲೇ ಎಂದು ಯೋಚಿಸಿದೆ. ಹೌದು, ಯೋಚಿಸಿದೆ. ಪಾಠ ಹೇಳುವವಳ ಯೋಗ್ಯತೆ ಅಷ್ಟೇ. ಕೊನೆಗೆ ಎಲ್ಲವನ್ನೂ ಹೇಳಿದೆ.

ಗಲ್ಲಾದ ಡ್ರಾಯರಿನಲ್ಲಿ ರಬ್ಬರ್ ಬ್ಯಾಂಡ್ ಹಾಕಿದ ಕಾರ್ಡುಗಳ ಕಟ್ಟು ಇತ್ತು. ಮಾವ ನಕ್ಕರು.

"ಕಳೆದು ಹಾಕ್ತಾರೆ ಮಾರಾಯ್ತಿ, ಅದಕ್ಕೆ ಇಟ್ಟದ್ದು. ನಿನ್ನ ಶಾಲೆಯ ಸರ್ಟಿಫಿಕೇಟೂ ಇದರಲ್ಲೇ ಇತ್ತಲ್ಲ?"

ಇತ್ತು. ಆದರೆ ನಾನು ಕೇಳಿದ ದಿನವೇ ಅದು ನನ್ನ ಕೈಗೆ ಬಂದಿತ್ತು.

ಇನ್‌ಸ್ಪೆಕ್ಟರ್ ಪೆನ್ನು ಹಿಡಿದು ನನ್ನತ್ತ ನೋಡಿದಳು. "ಮ್ಯಾಡಂ, ಯೇ ಪ್ರ್ಯಾಕ್ಟಿಸ್ ಹೈ, ಯಾ ಸಚ್ ಮೇಂ ಲಿಖೂಂ?" ಇದು ಬರೀ ಅಭ್ಯಾಸವೋ, ನಿಜವಾಗಿಯೇ ಕೇಸು ಬರೆಯಲೋ ಎಂದು ಕೇಳುತ್ತಿದ್ದಳು.

ಮಾವನೂ ನನ್ನನ್ನೇ ನೋಡುತ್ತಿದ್ದರು. ಅನ್ನ ಹಾಕಿದ ಕೈ ಅದು. ನನಗೆ ಅಷ್ಟು ಹೆದರಿಕೆ ಹಿಂದೆಂದೂ ಆಗಿರಲಿಲ್ಲ.

"ಸಚ್ ಮೇಂ," ಎಂದೆ.

ಮಾವ ಮುಖ ತಿರುಗಿಸಿಕೊಂಡರು. ಇನ್‌ಸ್ಪೆಕ್ಟರ್ ಬರೆದು ಮುಗಿಸಿ, ಆ ಹೆಂಗಸನ್ನು ಗಲ್ಲಾದ ಬಳಿಗೆ ಕರೆದು ಆಕೆಯ ಕಾರ್ಡನ್ನು ಕೈಗೆ ಕೊಟ್ಟಳು. ಇನ್ನು ಯಾರನ್ನೂ ಕೇಳಬೇಕಿಲ್ಲ, ಇವತ್ತೇ ಹೊರಡಬಹುದು ಎಂದು ನಾನು ಬಿಡಿಸಿ ಹೇಳಿದೆ. ಆಕೆ ತಲೆಯಾಡಿಸಿದಳು. ಕಾರ್ಡನ್ನು ಸೆರಗಿನ ತುದಿಗೆ ಗಂಟು ಹಾಕಿಕೊಂಡು ಮಾವನ ಕಡೆ ತಿರುಗಿದಳು.

"ಹೋಗ್ಲೇನ್ರಿ, ಸೇಠ್ರ?"