ಕಣ್ಣಮ್ಮಾಳ ಕರುಪ್ಪಟ್ಟಿ ಹಾಲು

ತಮಿಳುನಾಡಿನ ಉತ್ತಮಪಾಳಯಂನ ಬಾಳೆತೋಟದವರ ಬೀದಿಯಲ್ಲಿ ಕಣ್ಣಮ್ಮಾಳ್ ಎಂದರೆ, ಏಳು ತಿಂಗಳಿಗೇ ಹುಟ್ಟಿದ ಮೊಮ್ಮಗಳನ್ನು ಬದುಕಿಸಿಕೊಂಡವಳು. ಸುಮ್ಮನೆ ಬಂದ ಹೆಸರೇ ಅದು! ತೇನಿಯ ಆಸ್ಪತ್ರೆಯ ಗಾಜಿನ ಪೆಟ್ಟಿಗೆಯಿಂದ ಮನೆಗೆ ಬಂದಾಗ ಆ ಕೂಸು ಜೀವಾಗೆ ಮೊಲೆ ಚೀಪಲೂ ತ್ರಾಣವಿರಲಿಲ್ಲ. ಅಜ್ಜಿ ಹಳೇ ಸೀರೆಯ ಬತ್ತಿ ಹೊಸೆದು, ಕರುಪ್ಪಟ್ಟಿ ಎಂಬ ತಾಳೆಬೆಲ್ಲ ಕದಡಿದ ಹಾಲಿನಲ್ಲಿ ಅದ್ದಿ, ತೊಟ್ಟು ತೊಟ್ಟಾಗಿ ಬಾಯಿಗೆ ಹಿಂಡಿದಳು. ಆಮೇಲೆ ಬತ್ತಿ ಹೋಗಿ ಬಾಟಲಿ ಬಂತು, ಬೆಲ್ಲ ಮಾತ್ರ ಹೋಗಲಿಲ್ಲ. ಬಾಟಲಿ ಬಾಯಲ್ಲಿದ್ದರೇ ಮಗುವಿಗೆ ನಿದ್ದೆ.

ಹಲ್ಲು ತಡವಾಗಿ ಮೂಡಿದವು, ಮೂಡುವಾಗಲೇ ಕಂದು ಗುಳಿ. "ಹಾಲು ಹಲ್ಲು ತಾನೆ, ಬಿದ್ದೋಗ್ತವೆ ಬಿಡಮ್ಮಾ," ಎಂದು ಕಣ್ಣಮ್ಮಾಳ್ ಸೊಸೆ ಸರಣ್ಯಾಳ ಬಾಯಿ ಮುಚ್ಚಿಸಿದಳು. ಬೀಳಲಿಲ್ಲ, ಪುಡಿಯಾದವು. ಈಗ ಜೀವಾಗೆ ಮೂರು ತುಂಬಿದೆ. ವಸಡು ಕೀವುಗಟ್ಟಿ ಕೆನ್ನೆ ಊದಿದೆ, ಅನ್ನ ಕಂಡರೆ ಬಾಯಿ ಬಿಗಿಯುತ್ತಾಳೆ.

ಹಲ್ಲಿನ ಡಾಕ್ಟರಮ್ಮ ಕೀವಿಗೆ ಮದ್ದು ಕೊಟ್ಟು ಹೇಳಿದರು: ಬೇಗ ಹುಟ್ಟಿದ ಮಕ್ಕಳ ಹಲ್ಲಿನ ಹೊರಪದರ ತೆಳು ಇರುತ್ತದೆ, ನಿದ್ದೆಯಲ್ಲಿ ಬಾಯೊಳಗೇ ನಿಂತ ಸಿಹಿ ಹಾಲು ಅದನ್ನು ತಿಂದುಹಾಕಿದೆ. ಪ್ರಜ್ಞೆ ತಪ್ಪಿಸಿಯೇ ಬೇರು ಕೀಳಬೇಕು, ಅದನ್ನು ತಡೆದುಕೊಳ್ಳುವಷ್ಟು ತೂಕ ಮಗುವಿನ ಮೈಯಲ್ಲಿಲ್ಲ. ಸಿಹಿ ನಿಲ್ಲಿಸಿ, ತೂಕ ಏರಿಸಿಕೊಂಡು ಬನ್ನಿ.

"ನನ್ ಕೈಯಾರೆ ವಿಷ ಇಕ್ಕಿದ್ನಲ್ಲಾ ಸಾಮೀ!" ಕಣ್ಣಮ್ಮಾಳ್ ತಲೆ ಚಚ್ಚಿಕೊಂಡಳು. ಮನೆಯಲ್ಲಿದ್ದ ಬೆಲ್ಲವನ್ನೆಲ್ಲ ಕಾಲುವೆಗೆ ಸುರಿದಳು. ರಾಗಿಗಂಜಿ, ಕಿವುಚಿದ ಬಾಳೆಹಣ್ಣು, ಸಪ್ಪೆ ಹಾಲು, ಏನು ಕೊಟ್ಟರೂ ಜೀವಾ ಉಗುಳಿದಳು. "ಅವ್ವಾ, ಕರುಪ್ಪಟ್ಟಿ!" ಎಂದು ಅಜ್ಜಿಯ ಸೆರಗು ಹಿಡಿದು ಒಂದೇ ರಂಪ. ಸರಣ್ಯಾ ಅತ್ತೆಗೆ ಒಂದು ಬಿರುಸು ಮಾತನ್ನೂ ಆಡಲಿಲ್ಲ. ಅಯ್ಯೋ, ಬಾಯ್ತುಂಬ ಬೈದಿದ್ದರೆ ಮುದುಕಿಗೆ ಎಷ್ಟೋ ವಾಸಿಯಿತ್ತು.

ಮುಂದಿನ ತಿಂಗಳು ಹೋದಾಗ ತೂಕ ಇನ್ನೂ ಇಳಿದಿತ್ತು. ಡಾಕ್ಟರಮ್ಮ ತಲೆಯಾಡಿಸಿ, ಈಗ ಕೀಳಲು ಆಗುವುದಿಲ್ಲ ಎಂದರು.

ಬಸ್ಸಿಳಿದ ಕಣ್ಣಮ್ಮಾಳ್ ನೆಟ್ಟಗೆ ಅಂಗಡಿಗೆ ಹೋಗಿ ಒಂದು ಅಚ್ಚು ಕರುಪ್ಪಟ್ಟಿ ತಂದಳು. ಹಾಲು ಕಾಯಿತು. ಬೆಲ್ಲ ಹಿಡಿದ ಕೈ ಲೋಟದ ಮೇಲೇ ನಿಂತಿತು.

"ಹಾಕ್ಲಾ, ಬ್ಯಾಡ್ವಾ? ನೀನೇ ಹೇಳಮ್ಮಾ. ನನ್ಗೆ ಒಂದೂ ತಿಳೀತಿಲ್ಲ."

ಸರಣ್ಯಾ ಚಾಪೆಯ ಮೇಲೆ ಸೊರಗಿ ಮಲಗಿದ್ದ ಮಗಳನ್ನು ನೋಡಿದಳು. "ಹಾಕಿ ಅತ್ತೆ," ಎಂದಳು.

ಜೀವಾ ಎರಡೂ ಕೈಯಲ್ಲಿ ಲೋಟ ಹಿಡಿದಳು. ಸಿಹಿ ತಾಗಿದ್ದೇ ವಸಡು ಚುರ್ರೆಂದಿತು, ಚೀರಿದಳು, ಆದರೂ ಲೋಟ ಬಿಡಲಿಲ್ಲ. ಅಳುತ್ತಲೇ ಪೂರ್ತಿ ಕುಡಿದಳು. ಖಾಲಿ ಲೋಟವನ್ನು ಅಜ್ಜಿಯತ್ತ ಚಾಚಿ, "ಇನ್ನೂ," ಎಂದಳು.